ಆರಾಮಿದ್ದ ನಾಯಿಯ ರಕ್ತ ಪರೀಕ್ಷೆ: ಚಿನ್ನಿಯ ಪ್ರಕರಣ

ಚಿನ್ನಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸೋಕೆ ಜನವರಿ ಎರಡನೇ ವಾರ ದಿನ ಗೊತ್ತಾಗಿತ್ತು. ಅದು ಕೊನೆಗೆ ಆಗಿದ್ದು ಜೂನ್ ಕೊನೆಯಲ್ಲಿ. ನಡುವಿನ ಐದೂವರೆ ತಿಂಗಳಲ್ಲಿ ಏನೇನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿಯಲ್ಲಿ ನನಗೆ ಗೊತ್ತಿರುವ ನಾಯಿ ಸಾಕಿದವರೆಲ್ಲ ಲಸಿಕೆಗೆ ಹೋಗುತ್ತಾರೆ, ಊಟ ಬಿಟ್ಟರೆ ಹೋಗುತ್ತಾರೆ. ನಾಯಿ ಆರಾಮಿದ್ದಾಗ ರಕ್ತ, ಮೂತ್ರ ಪರೀಕ್ಷೆ ಮಾಡಿಸೋಕೆ ಅಂತ ಹೋಗುವವರನ್ನು ನಾನು ನೋಡಿಲ್ಲ. ನಾವೂ ಹೋಗುತ್ತಿರಲಿಲ್ಲ, ಆಪರೇಷನ್ ಇತ್ತು ಅಂತ ಹೋದೆವು.

ಚಿನ್ನಿ ಕಂದು ಬಣ್ಣದ ದೇಸಿ ನಾಯಿ, ಐದು ವರ್ಷ ದಾಟಿದೆ. ನಮ್ಮದು ಬ್ರಹ್ಮಪುರದ ಹಳೇ ಮನೆ. ಒಳಗೂ ಅಂಗಳಕ್ಕೂ ಶಹಾಬಾದ್ ಪರ್ಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿದೆ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಆಗ ಪಡಸಾಲೆಯ ಪರ್ಸಿಗೆ ಹೊಟ್ಟೆ ಹಚ್ಚಿ ಮಲಗುವುದು ಅವಳ ರೂಢಿ. ಬೆಳಿಗ್ಗೆ ಅಪ್ಪನ ಕೆರೆ ಕಡೆ ಒಂದು ಸುತ್ತು, ಮಧ್ಯಾಹ್ನ ರೊಟ್ಟಿ ಸಾರು, ರಾತ್ರಿ ಅನ್ನ ಮೊಟ್ಟೆ. ಲಸಿಕೆ ಒಂದೂ ತಪ್ಪಿಲ್ಲ. ಆಪರೇಷನ್ ಯಾಕೆ ಅಂದರೆ, ಬೆದೆಗೆ ಬಂದಾಗಲೆಲ್ಲ ಓಣಿಯ ಗಂಡು ನಾಯಿಗಳ ಕಾಟ ಒಂದು ಕಡೆ. ಇನ್ನೊಂದು ಕಡೆ, ಆಪರೇಷನ್ ಆಗದ ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಇರುತ್ತದೆ, ಅದು ಜೀವಕ್ಕೇ ಬರಬಹುದು.

ಡಾಕ್ಟರ್ ಮೇಡಂ ಮೈ ಮುಟ್ಟಿ ನೋಡಿದರು. ಒಸಡು ಗುಲಾಬಿ ಬಣ್ಣ, ಹೃದಯ ಸರಿ, ಜ್ವರ ಇಲ್ಲ, ತೂಕ 16.8 ಕೆಜಿ. ಹೋದ ವರ್ಷ ಲಸಿಕೆ ಹಾಕಿಸುವಾಗ 17.6 ಇತ್ತು. ಅದನ್ನು ಅವರು ಕಾರ್ಡಿನಲ್ಲಿ ಬೆರಳಿಟ್ಟು ತೋರಿಸಿದರು. ಮನೆಯಲ್ಲಿ ಯಾರಿಗೂ ಅದು ಕಂಡಿರಲಿಲ್ಲ, ದಿನಾ ನೋಡುವವರಿಗೆ 800 ಗ್ರಾಂ ಕಾಣುವುದಿಲ್ಲ. ಆಮೇಲೆ ರಕ್ತ ಪರೀಕ್ಷೆಗೆ ಬರೆದುಕೊಟ್ಟರು.

ಅವ್ವನಿಗೆ ಸರಿ ಬರಲಿಲ್ಲ. "ಚಂದ ತಿಂತದ, ಚಂದ ಓಡ್ತದ, ಸುಮ್ನ ಯಾಕ ಸೂಜಿ ಚುಚ್ಚಬೇಕ್ರಿ?" ಅಂದಳು. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. "ಅಮ್ಮಾರ, ಹೊರಗಿಂದ ನೋಡೋದು ನಾ ನೋಡೀನಿ. ಒಳಗಿಂದು ನನಗ ಕಾಣಂಗಿಲ್ಲ. ಮಂಪರು ಕೊಟ್ಟು ಹೊಟ್ಟಿ ಕೊಯ್ಯೋದ ಅದ, ಕಿಡ್ನಿ ಲಿವರ್ ನೋಡದ ನಾ ಮಾಡಂಗಿಲ್ಲ" ಅಂದರು.

ಪರೀಕ್ಷೆಗೆ 10-12 ತಾಸು ಹೊಟ್ಟೆ ಖಾಲಿ ಇರಬೇಕು, ನೀರು ಕುಡಿದರೆ ಪರವಾಗಿಲ್ಲ. ಮರುದಿನ ಬೆಳಿಗ್ಗೆ ನಾವು ಹೊರಡುವಷ್ಟರಲ್ಲಿ ಅವ್ವ ಪಾಪ ಅಂತ ತುಪ್ಪ ಸವರಿದ ಅರ್ಧ ರೊಟ್ಟಿ ಕೊಟ್ಟುಬಿಟ್ಟಿದ್ದಳು. ಹಾಗಾಗಿ ಇನ್ನೊಂದು ದಿನ ಮುಂದಕ್ಕೆ ಹೋಯಿತು. ಜಿಡ್ಡು ತಿಂದ ಮೇಲೆ ರಕ್ತ ತೆಗೆದರೆ ಮೇಲಿನ ತಿಳಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಮಷಿನ್ ಅಂಕಿ ಎಲ್ಲೆಲ್ಲೋ ಹೋಗುತ್ತದೆ. ಮನೆಯಲ್ಲಿ ಎಲ್ಲರಿಗೂ ಮೊದಲೇ ಹೇಳಿಟ್ಟಿರಿ, ಅದರಲ್ಲೂ ಅಡುಗೆಮನೆಯಲ್ಲಿ ಇರುವವರಿಗೆ.

ಮುಂದಿನದನ್ನು ಸ್ವಲ್ಪ ನಿಧಾನವಾಗಿ ಓದಿ.

ಆ ಕ್ಲಿನಿಕ್ಕಿನಲ್ಲಿ ರಕ್ತಕಣ ಎಣಿಸುವ ಮಷಿನ್ ಇರಲಿಲ್ಲ. ಮುಂಗಾಲಿನ ರಕ್ತನಾಳದಿಂದ ರಕ್ತ ತೆಗೆದು ಎರಡು ಟ್ಯೂಬಿಗೆ ಹಾಕಿ ನಮ್ಮ ಕೈಗೆ ಕೊಟ್ಟರು. ನೇರಳೆ ಮುಚ್ಚಳದ್ದು ರಕ್ತಕಣ ಎಣಿಸೋಕೆ, ಕೆಂಪು ಮುಚ್ಚಳದ್ದು ಕಿಡ್ನಿ, ಲಿವರ್, ಪ್ರೋಟೀನ್ ನೋಡೋಕೆ. ಮನುಷ್ಯರ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿಗೆ ಒಯ್ದು ಕೊಟ್ಟೆವು. ಜಿಲ್ಲಾ ಊರುಗಳಲ್ಲಿ ಹೀಗೇ ನಡೆಯೋದು ಜಾಸ್ತಿ, ಅದರಲ್ಲಿ ತಪ್ಪೇನಿಲ್ಲ. ತೊಂದರೆ ಇರುವುದು ವರದಿ ಓದುವಾಗ. ಸಂಜೆ ಬಂದ ಹಾಳೆಯ ಮೇಲೆ "ಚಿನ್ನಿ, ಹೆಣ್ಣು, 5 ವರ್ಷ" ಅಂತ ಇತ್ತು. ಪಕ್ಕದಲ್ಲಿ ಅಚ್ಚಾಗಿದ್ದ "ನಾರ್ಮಲ್" ಅಂಕಿಗಳೆಲ್ಲ ಮನುಷ್ಯರವು.

ರಕ್ತ ಹೆಪ್ಪುಗಟ್ಟಿಸುವ ಕಣ, ಪ್ಲೇಟ್‌ಲೆಟ್, 61,000 ಇತ್ತು. ಮನುಷ್ಯರ ಲೆಕ್ಕದಲ್ಲೂ ಅದು ಕಡಿಮೆಯೇ, ನಾಯಿಗೆ ಸುಮಾರು 2 ಲಕ್ಷದಿಂದ 5 ಲಕ್ಷ ಇರಬೇಕು. ಹಿಮೋಗ್ಲೋಬಿನ್ 11.2, ನಾಯಿಗೆ 12ರಿಂದ 18. ಕಿಡ್ನಿಗೆ ಅಂತ ನೋಡುವ ಕ್ರಿಯಾಟಿನಿನ್ 1.0, ಸರಿ. ರಕ್ತದ ಪ್ರೋಟೀನ್‌ಗಳಲ್ಲಿ ಒಂದಾದ ಆಲ್ಬುಮಿನ್ 2.6 ಅಂತ ಇದ್ದು ಪಕ್ಕದಲ್ಲಿ ಕಡಿಮೆ ಅನ್ನುವ ಗುರುತು ಬಿದ್ದಿತ್ತು. ಒಟ್ಟು ಪ್ರೋಟೀನ್ 8.1, ಅದಕ್ಕೆ ಯಾವ ಗುರುತೂ ಇಲ್ಲ.

ನಾನು ಆ ಹಾಳೆ ನೋಡಿ ಆಲ್ಬುಮಿನ್‌ಗೆ ಹೆದರಿದೆ, ಪ್ರೋಟೀನ್ ಸರಿ ಇದೆ ಅಂದುಕೊಂಡೆ. ಮೇಡಂ ಓದಿದ್ದು ಉಲ್ಟಾ. 2.6 ಆಲ್ಬುಮಿನ್ ಮನುಷ್ಯರಿಗೆ ಕಡಿಮೆ, ನಾಯಿಗೆ ಕೆಳಗಿನ ಅಂಚಿನಲ್ಲಿ ಇದೆ, ಅಷ್ಟೆ. 8.1 ಪ್ರೋಟೀನ್ ಮನುಷ್ಯರಲ್ಲಿ ಮಿತಿಯ ಒಳಗೇ ಬರುತ್ತದೆ, ಆದರೆ ನಾಯಿಗೆ ಏಳೂವರೆ ದಾಟಿದರೆ ಜಾಸ್ತಿ. ಪೆನ್ನು ತೆಗೆದುಕೊಂಡು ಒಂದರಲ್ಲಿ ಒಂದು ಕಳೆದರು. 8.1ರಲ್ಲಿ 2.6 ಹೋದರೆ 5.5. ಅದು ಗ್ಲೋಬ್ಯುಲಿನ್. ಮೈ ಯಾವುದೋ ರೋಗದ ಜೊತೆ ಬಹಳ ದಿನದಿಂದ ಹೋರಾಡುತ್ತಾ ಇದ್ದರೆ ಏರುವ ಪ್ರೋಟೀನ್ ಇದು, ನಾಯಿಗೆ ಸುಮಾರು ನಾಲ್ಕೂವರೆ ಒಳಗೆ ಇರಬೇಕು. ಲ್ಯಾಬಿನ ಹಾಳೆಯಲ್ಲಿ ಆ ಸಾಲೇ ಇರಲಿಲ್ಲ. ಲ್ಯಾಬಿನವರನ್ನು ಬೈಯುವ ಮಾತಲ್ಲ ಇದು. ಅವರ ಮಷಿನ್ ಮನುಷ್ಯರಿಗೆ ಅಂತ ಇರೋದು. ನಾಯಿ ಬೆಕ್ಕಿನ ವರದಿಯನ್ನು ಆ ಗುರುತುಗಳ ಮೇಲೆ ನಾವೇ ಓದಿಕೊಂಡು "ಎಲ್ಲಾ ನಾರ್ಮಲ್" ಅಂತ ಸುಮ್ಮನಾಗಬಾರದು, ಪಶು ವೈದ್ಯರ ಕಣ್ಣಿಗೆ ಅದು ಬೀಳಲೇಬೇಕು.

ಆದರೆ ಮೇಡಂ ಆ 61,000 ಅನ್ನೂ ಹಾಗೇ ನಂಬಲಿಲ್ಲ. ನನಗೆ ಈ ಇಡೀ ಪ್ರಕರಣದಲ್ಲಿ ಅತೀ ಇಷ್ಟವಾಗಿದ್ದು ಇದೇ. ರಕ್ತ ನಿಧಾನವಾಗಿ ಬಂದರೆ, ಎರಡು ಮೂರು ಸಲ ಚುಚ್ಚಬೇಕಾಗಿ ಬಂದರೆ, ಪ್ಲೇಟ್‌ಲೆಟ್‌ಗಳು ಟ್ಯೂಬಿನಲ್ಲೇ ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಮಷಿನ್ ಆ ಗುಂಪನ್ನು ಎಣಿಸುವುದಿಲ್ಲ, ಅಥವಾ ಬೇರೆ ಕಣ ಅಂತ ಎಣಿಸುತ್ತದೆ, ಅಂಕಿ ಸುಳ್ಳೇ ಇಳಿಯುತ್ತದೆ. ಬೆಕ್ಕುಗಳಲ್ಲಂತೂ ಇದು ತುಂಬಾ ಸಾಮಾನ್ಯ. ಹಾಗಾಗಿ ಇನ್ನೊಂದು ಕಾಲಿನಿಂದ ಒಂದೇ ಚುಚ್ಚಿನಲ್ಲಿ ರಕ್ತ ತೆಗೆದು, ಅಲ್ಲೇ ಒಂದು ಹನಿ ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟರು. ಮೊದಲು ಅಂಚಿನಲ್ಲಿ ಗುಂಪು ಇದೆಯಾ ನೋಡಿದರು, ಇರಲಿಲ್ಲ. ಆಮೇಲೆ ಎಣ್ಣೆ ಹಾಕಿ ದೊಡ್ಡದಾಗಿ ತೋರಿಸುವ ಲೆನ್ಸಿನಲ್ಲಿ ಹತ್ತು ಜಾಗ ಎಣಿಸಿದರು. ಹತ್ತೂ ಸೇರಿ 44. ಒಂದು ಜಾಗಕ್ಕೆ 4.4 ಆಯಿತು. ಹೀಗೆ ಕಂಡ ಒಂದೊಂದು ಪ್ಲೇಟ್‌ಲೆಟ್‌ಗೆ ಸುಮಾರು 15,000 ಅಂತ ಲೆಕ್ಕ ಹಿಡಿದರೆ 66,000. ಮಷಿನ್ ಹೇಳಿದ್ದು ನಿಜವೇ ಆಗಿತ್ತು.

"ನಾಯಿ ಆರಾಮ ಅದ ಅಂತ ನೀವು ಹೇಳ್ಲಕತ್ತೀರಿ, ನನಗೂ ಹಂಗೇ ಕಾಣ್ಲಕತ್ತದ. ಆದ್ರ ಈ ಪ್ಲೇಟ್‌ಲೆಟ್ ಮ್ಯಾಲ ನಾ ಆಪರೇಷನ್ ಮಾಡಂಗಿಲ್ಲ" ಅಂದರು ಮೇಡಂ. ಪ್ಲೇಟ್‌ಲೆಟ್ ಇಷ್ಟು ಕಡಿಮೆ ಇದ್ದೂ ನಾಯಿ ಓಡಾಡಿಕೊಂಡು ಇರಬಹುದು, ಕೊಯ್ದಾಗ ರಕ್ತ ನಿಲ್ಲದಿದ್ದರೆ ಏನು ಮಾಡೋದು? ಪರೀಕ್ಷೆ ಮಾಡದೆ ಆ ದಿನವೇ ಮೇಜಿನ ಮೇಲೆ ಮಲಗಿಸಿದ್ದರೆ ಏನಾಗುತ್ತಿತ್ತು ಅಂತ ನಾನು ಈಗಲೂ ಯೋಚಿಸುತ್ತೇನೆ.

ಬೀದರಿಗೆ ಒಯ್ಯೋಣವಾ ಅಂತ ಅಣ್ಣ ಕೇಳಿದ. ಅಲ್ಲಿ ನಂದಿನಗರದಲ್ಲಿ ಪಶು ವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಕಾಲೇಜಿನ ಆಸ್ಪತ್ರೆಯೂ ಇದೆ, ಇಲ್ಲಿಂದ ಸುಮಾರು 110 ಕಿಲೋಮೀಟರ್. ಸ್ಕ್ಯಾನಿಂಗ್ ಬೇಕಾದರೆ ಹೋಗೋಣ, ಸದ್ಯ ಇಲ್ಲೇ ಆಗುತ್ತದೆ ಅಂದರು ಮೇಡಂ.

ನಮ್ಮ ಕಡೆ ನಾಯಿಗೆ ಪ್ಲೇಟ್‌ಲೆಟ್ ಕಡಿಮೆ, ಗ್ಲೋಬ್ಯುಲಿನ್ ಜಾಸ್ತಿ ಅಂದಾಗ ಮೊದಲು ಅನುಮಾನ ಹೋಗುವುದು ಉಣ್ಣಿ ಜ್ವರದ ಮೇಲೆ. ಎರ್ಲಿಕಿಯಾ ಕ್ಯಾನಿಸ್ ಅನ್ನುವ ಬ್ಯಾಕ್ಟೀರಿಯಾ, ನಾಯಿಯ ಕಂದು ಉಣ್ಣಿ ಕಚ್ಚಿದಾಗ ಹತ್ತುತ್ತದೆ. ಇದು ಮೂರು ಹಂತದಲ್ಲಿ ನಡೆಯುತ್ತದೆ. ಮೊದಲು ಎರಡರಿಂದ ನಾಲ್ಕು ವಾರ ಜ್ವರ, ಮಂಕು, ಊಟ ಬಿಡುವುದು. ಅದು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಎರಡನೆಯದು ಗುಪ್ತ ಹಂತ, ತಿಂಗಳುಗಟ್ಟಲೆ, ಕೆಲವು ನಾಯಿಗಳಲ್ಲಿ ವರ್ಷಗಟ್ಟಲೆ ಇರುತ್ತದೆ. ಆಗ ನಾಯಿ ನೋಡೋಕೆ ಗಟ್ಟಿಮುಟ್ಟು, ರಕ್ತದಲ್ಲಿ ಮಾತ್ರ ಗೊತ್ತಾಗುತ್ತದೆ. ಕೆಲವು ನಾಯಿಗಳು ಅಲ್ಲೇ ಗುಣವಾಗುತ್ತವೆ. ಉಳಿದವು ಮೂರನೇ ಹಂತಕ್ಕೆ ಹೋಗುತ್ತವೆ, ಮೂಗಿನಿಂದ ರಕ್ತ, ಮೂಳೆಯ ಮಜ್ಜೆ ಹೊಸ ರಕ್ತಕಣ ಮಾಡುವುದನ್ನೇ ನಿಲ್ಲಿಸುವುದು. ಆಗ ಔಷಧ ಕೊಟ್ಟರೂ ಉಳಿಯುವುದು ಕಷ್ಟ. ಜರ್ಮನ್ ಶೆಫರ್ಡ್ ಸಾಕಿದವರು ಇನ್ನೂ ಎಚ್ಚರ ಇರಬೇಕು, ಆ ತಳಿಗೆ ಇದು ಜೋರಾಗಿಯೇ ಬರುತ್ತದೆ.

ಆಗ ನೆನಪಾಯಿತು. ಹಿಂದಿನ ಮೇ ತಿಂಗಳಲ್ಲಿ ಚಿನ್ನಿ ಮೂರು ದಿನ ಸರಿಯಾಗಿ ತಿಂದಿರಲಿಲ್ಲ, ಪರ್ಸಿ ಬಿಟ್ಟು ಏಳುತ್ತಿರಲಿಲ್ಲ. ಬಿಸಿಲಿಗೆ ಹೀಗಾಗಿದೆ ಅಂತ ಮಜ್ಜಿಗೆ ಕೊಟ್ಟೆವು, ನಾಲ್ಕನೇ ದಿನ ಎದ್ದಳು, ಮರೆತೆವು. ಅದೇ ಮೊದಲ ಹಂತ ಆಗಿತ್ತು ಅಂತ ಈಗ ಸಾಬೀತು ಮಾಡೋಕೆ ಆಗಲ್ಲ. ಆದರೆ ಆಗಲೇ ಒಂದು ರಕ್ತ ಪರೀಕ್ಷೆ ಆಗಿದ್ದರೆ ಅಂತ ಮನಸ್ಸು ಕೊರೆಯುತ್ತದೆ. ಊರಿನ ಬಿಸಿಲಿಗೆ ನಾವು ಎಷ್ಟೊಂದು ಕಾಯಿಲೆಗಳನ್ನು ಕಟ್ಟಿಬಿಡುತ್ತೇವೆ ಅಲ್ವಾ.

ಎರಡು ಪರೀಕ್ಷೆ ಸೇರಿಸಿದರು. ಒಂದು, ಕ್ಲಿನಿಕ್ಕಿನಲ್ಲೇ ಹತ್ತು ನಿಮಿಷದಲ್ಲಿ ಆಗುವ ಕಿಟ್. ಎರ್ಲಿಕಿಯಾಗೆ ಎದುರಾಗಿ ಮೈ ಮಾಡಿಕೊಂಡ ಪ್ರತಿಕಾಯ ಇದೆಯಾ ಅಂತ ಅದು ತೋರಿಸುತ್ತದೆ. ಗೆರೆ ಬಂತು. ಬರೀ ಗೆರೆ ಬಂದರೆ ಈಗ ಕಾಯಿಲೆ ಇದೆ ಅಂತ ಅರ್ಥವಲ್ಲ, ಯಾವಾಗಲೋ ಹತ್ತಿ ಹೋಗಿದ್ದರೂ ಬರುತ್ತದೆ. ಗೆರೆಯ ಜೊತೆ ಪ್ಲೇಟ್‌ಲೆಟ್ ಕಡಿಮೆ, ಗ್ಲೋಬ್ಯುಲಿನ್ ಜಾಸ್ತಿ, ತೂಕ ಇಳಿಕೆ, ನಾಲ್ಕೂ ಒಂದೇ ಕಡೆ ಕೈ ತೋರಿಸಿದ್ದರಿಂದ ಚಿಕಿತ್ಸೆ ಶುರು ಮಾಡಿದರು. ಉಣ್ಣಿಯಿಂದಲೇ ಬರುವ ಇನ್ನೊಂದು ರೋಗಾಣು ಬೆಬೀಸಿಯಾವನ್ನೂ ಅದೇ ಗಾಜಿನ ಪಟ್ಟಿಯಲ್ಲಿ ಹುಡುಕಿದರು, ಸಿಗಲಿಲ್ಲ.

ಎರಡನೆಯದು ಮೂತ್ರ. ನಾಯಿಯ ಮೂತ್ರ ಹಿಡಿಯೋದು ಹೇಗಪ್ಪಾ ಅಂತ ಚಿಂತೆ ಇತ್ತು. ಹಳೇ ಸ್ಟೀಲ್ ಸೌಟನ್ನು ಬಿಸಿನೀರಲ್ಲಿ ತೊಳೆದು, ಒರೆಸಿ, ಒಂದು ಕೋಲಿಗೆ ಕಟ್ಟಿ, ಬೆಳಗಿನ ಮೊದಲ ಮೂತ್ರಕ್ಕೆ ಹಿಂದಿನಿಂದ ಹಿಡಿದೆ. ಶುರುವಿನ ನಾಲ್ಕು ಹನಿ ಬಿಟ್ಟು ನಡುವಿನದು. ಅರ್ಧ ಗಂಟೆಯಲ್ಲಿ ಕ್ಲಿನಿಕ್ಕಿಗೆ ಮುಟ್ಟಿಸಿದೆ. ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ ಅನ್ನುವ ಅನುಪಾತ 0.7 ಬಂತು. ನಾಯಿಗೆ 0.2ರ ಒಳಗಿದ್ದರೆ ಸರಿ, 0.5 ದಾಟಿದರೆ ಸೋರಿಕೆ ಇದೆ ಅಂತ ಲೆಕ್ಕ. ಕ್ರಿಯಾಟಿನಿನ್ 1.0 ಇದ್ದದ್ದು ನೋಡಿ ಕಿಡ್ನಿ ಬಗ್ಗೆ ನಾನು ನಿಶ್ಚಿಂತೆಯಿಂದ ಇದ್ದೆ. ಕಿಡ್ನಿಯ ಮುಕ್ಕಾಲು ಭಾಗ ಕೆಲಸ ನಿಂತ ಮೇಲೆಯೇ ಕ್ರಿಯಾಟಿನಿನ್ ಏರೋದು ಅಂತ ಮೇಡಂ ವಿವರಿಸಿದರು. ಅದಕ್ಕೇ ವಾರ್ಷಿಕ ಪರೀಕ್ಷೆಯಲ್ಲಿ ಮೂತ್ರ ಬಿಟ್ಟು ರಕ್ತ ಒಂದೇ ಮಾಡಿಸುವುದು ಅರ್ಧ ಕೆಲಸ. ಖರ್ಚಾಗುವುದು ರಕ್ತಕ್ಕೇ ಜಾಸ್ತಿ, ಮೂತ್ರಕ್ಕೆ ಕಡಿಮೆ. ಆದರೂ ಜನ ಬಿಡುವುದು ಮೂತ್ರವನ್ನೇ.

ಚಿಕಿತ್ಸೆ ಡಾಕ್ಸಿಸೈಕ್ಲಿನ್, ಒಂದು ಕೆಜಿ ತೂಕಕ್ಕೆ ದಿನಕ್ಕೆ 10 ಮಿಲಿಗ್ರಾಂ ಲೆಕ್ಕದಲ್ಲಿ, 28 ದಿನ. ಇದನ್ನು ಓದಿ ಯಾರೂ ತಾವೇ ಮೆಡಿಕಲ್‌ನಿಂದ ತಂದು ಕೊಡಬೇಡಿ, ದಯವಿಟ್ಟು. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ, ಎರಡನೇ ದಿನವೇ ಕಂಡೆವು. ಅವ್ವ ಮಾತ್ರೆಯನ್ನು ಪೇಡೆಯೊಳಗೆ ಇಟ್ಟು ಕೊಡುತ್ತಿದ್ದಳು. ಹಾಲು, ಪೇಡೆ ಜೊತೆ ಈ ಔಷಧ ಸರಿಯಾಗಿ ಮೈಗೆ ಹತ್ತುವುದಿಲ್ಲ ಅಂತ ತಿಳಿದ ಮೇಲೆ ಮೊಟ್ಟೆ ಕಲಸಿದ ಅನ್ನಕ್ಕೆ ಬದಲಾಯಿಸಿದೆವು.

ಒಂಬತ್ತನೇ ದಿನಕ್ಕೆ ಚಿನ್ನಿ ಬದಲಾಗಿದ್ದು ಕಣ್ಣಿಗೆ ಕಂಡಿತು. ಅದಕ್ಕೂ ಮುಂಚೆ ಆರಾಮಿದ್ದಾಳೆ ಅಂತ ನಾವು ಹೇಳುತ್ತಿದ್ದೆವಲ್ಲ, ಅದು ಆರಾಮ ಅಲ್ಲ ಅಂತ ಆವಾಗ ಗೊತ್ತಾಯಿತು. ಗೇಟಿನ ತನಕ ಓಡಿ ಬರುತ್ತಿದ್ದಳು, ಮರೆತೇ ಹೋಗಿದ್ದ ಹಳೇ ಚೆಂಡು ಎಳೆದು ತಂದಳು. ವಯಸ್ಸಾಯಿತು, ಗಂಭೀರ ಆಗಿದ್ದಾಳೆ ಅಂತ ನಾವು ಅಂದುಕೊಂಡಿದ್ದು ಕಾಯಿಲೆಯಾಗಿತ್ತು. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ.

ಆ ಹೊತ್ತಿಗೆ ಪಕ್ಕದ ಮನೆ ಕಾಕಾ, "ಇನ್ನ ಯಾಕ ಗುಳಿಗಿ ಕೊಡ್ಲಕತ್ತೀರಿ? ಛಲೋ ಆಗ್ಯಾದಲ್ಲ" ಅಂದರು. ಬಿಡಲಿಲ್ಲ, 28 ದಿನ ಪೂರ್ತಿ ಕೊಟ್ಟೆವು. ಇದು ನಮಗೂ ಹತ್ತುತ್ತದಾ ಅಂತಲೂ ಕೇಳಿದರು. ನಾಯಿಯನ್ನು ಮುಟ್ಟಿದರೆ, ನೆಕ್ಕಿದರೆ ಹತ್ತುವುದಿಲ್ಲ, ಹರಡುವುದು ಉಣ್ಣಿಯಿಂದ.

ಉಣ್ಣಿ ಎಲ್ಲಿತ್ತು ಅಂದರೆ ಪರ್ಸಿಯ ಸಂದಿನಲ್ಲಿ. ನಾಯಿಯ ಮೈ ಮೇಲೆ ನಾವು ಕಂಡಿದ್ದು ಎರಡೋ ಮೂರೋ, ಕಿವಿಯ ಒಳಗೆ, ಬೆರಳುಗಳ ನಡುವೆ. ರಕ್ತ ಕುಡಿದ ಹೆಣ್ಣು ಉಣ್ಣಿ ಕೆಳಗಿಳಿದು ಸಂದು, ಬಿರುಕು ಹುಡುಕಿಕೊಂಡು ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಈ ಜಾತಿಯ ಉಣ್ಣಿಗೆ ಹೊಲ, ಹುಲ್ಲು ಬೇಕಾಗಿಲ್ಲ, ಮನೆಯೊಳಗೇ ಪೂರ್ತಿ ಬದುಕು ಮುಗಿಸುತ್ತದೆ. ಟಾರ್ಚ್ ಹಿಡಿದು ನೋಡಿದಾಗ ಚಿನ್ನಿ ಮಲಗುವ ಜಾಗದ ಗೋಡೆ ಬುಡದಲ್ಲಿ, ಸುಣ್ಣ ಎದ್ದ ಕಡೆ ಸಾಲಾಗಿ ಇದ್ದವು. ಗೌಂಡಿ ಕರೆಸಿ ಸಂದುಗಳಿಗೆಲ್ಲ ಸಿಮೆಂಟ್ ತುಂಬಿಸಿದೆವು, ಗೋಡೆ ಬುಡಕ್ಕೆ ಗಿಲಾವು ಮಾಡಿಸಿದೆವು, ಹಾಸಿದ್ದ ಹಳೇ ಕೌದಿ ಸುಟ್ಟೆವು. ಚಿನ್ನಿಗೆ ಮೂರು ತಿಂಗಳಿಗೊಮ್ಮೆ ಕೊಡುವ ಉಣ್ಣಿ ಮಾತ್ರೆ ಶುರುವಾಯಿತು. ನಮ್ಮಲ್ಲಿ ಬೆಕ್ಕೂ ಇರುವುದರಿಂದ ಮೇಡಂ ಒಂದು ಮಾತು ಒತ್ತಿ ಹೇಳಿದರು. ನಾಯಿಯ ಬೆನ್ನಿಗೆ ಹಾಕುವ ಕೆಲವು ಉಣ್ಣಿ ಔಷಧದಲ್ಲಿ ಪರ್ಮೆಥ್ರಿನ್ ಇರುತ್ತದೆ, ಬೆಕ್ಕಿಗೆ ಅದು ವಿಷ.

ಆ ಬೆಕ್ಕಿನ ಪರೀಕ್ಷೆಯನ್ನೂ ಅದೇ ತಿಂಗಳು ಮಾಡಿಸಿದೆವು. ಒಂಬತ್ತು ವರ್ಷದ ರಾಣಿ. ಸಕ್ಕರೆ 196 ಬಂತು, ನಮಗೆ ಎದೆ ಧಸಕ್ ಅಂತು. ಬೆಕ್ಕು ಹೆದರಿದರೆ ಸಕ್ಕರೆ ಹೀಗೆ ಏರುತ್ತದೆ, ಅವಳು ಬುಟ್ಟಿಯಲ್ಲಿ ದಾರಿಯುದ್ದಕ್ಕೂ ಕಿರುಚಿಕೊಂಡೇ ಬಂದಿದ್ದಳು. ಮನೆಯಲ್ಲಿ ಹಿಡಿದ ಮೂತ್ರದಲ್ಲಿ ಸಕ್ಕರೆ ಇರಲಿಲ್ಲ, ಎರಡು ವಾರ ಬಿಟ್ಟು ನೋಡಿದಾಗ ರಕ್ತದಲ್ಲೂ ಸರಿ ಇತ್ತು.

ಚಿನ್ನಿಯ ಅಂಕಿ ಹೀಗೆ ನಡೆದವು. ಹದಿನಾಲ್ಕನೇ ದಿನ ಪ್ಲೇಟ್‌ಲೆಟ್ 1,48,000. ಮಾತ್ರೆ ಮುಗಿದ ಮೇಲೆ 2,21,000, ಹಿಮೋಗ್ಲೋಬಿನ್ 12.6. ಗ್ಲೋಬ್ಯುಲಿನ್ ಮಾತ್ರ ತಡ ಮಾಡಿತು, ಆಗ ಇನ್ನೂ 4.9 ಇತ್ತು, ಅದು ಇಳಿಯೋಕೆ ತಿಂಗಳುಗಳೇ ಬೇಕು ಅಂದರು. ಕಿಟ್ ಇನ್ನೊಮ್ಮೆ ಮಾಡಿಸೋಣ ಅಂತ ನಾನೇ ಕೇಳಿದೆ, ಅವರು ಬೇಡ ಅಂದರು. ಪ್ರತಿಕಾಯ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ, ಗೆರೆ ಮತ್ತೆ ಬರುತ್ತದೆ, ನೀವು ಸುಮ್ನೆ ಹೆದರಿ ಮತ್ತೆ ಔಷಧ ಕೇಳುತ್ತೀರಿ ಅಂತ. ಅಷ್ಟು ದುಡ್ಡು ಉಳಿಯಿತು. ಏಪ್ರಿಲ್ ಕೊನೆಯ ಪರೀಕ್ಷೆಗೆ ಬಿಸಿಲು ಜೋರಿತ್ತು. ಟ್ಯೂಬನ್ನು ಬಟ್ಟೆಯಲ್ಲಿ ಸುತ್ತಿ, ಐಸ್ ಹಾಕಿದ ಫ್ಲಾಸ್ಕಿನಲ್ಲಿ ಐಸಿಗೆ ತಾಗದ ಹಾಗೆ ಇಟ್ಟು ಒಯ್ದೆ, ಬೈಕಿನ ಡಿಕ್ಕಿಯಲ್ಲಿ ಇಟ್ಟರೆ ರಕ್ತ ಬೆಂದೇ ಹೋಗುತ್ತದೆ. ಗ್ಲೋಬ್ಯುಲಿನ್ 4.2, ಮೂತ್ರದ ಅನುಪಾತ 0.3. ಅದು ಇನ್ನೂ ಪೂರ್ತಿ ಇಳಿದಿಲ್ಲ, ಹಾಗಾಗಿ ಮೂತ್ರ ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದೇವೆ.

ಜೂನ್‌ನಲ್ಲಿ ಮಳೆ ಬಿದ್ದು ತಂಪಾದ ಮೇಲೆ ಆಪರೇಷನ್ ಆಯಿತು. ಹಿಂದಿನ ದಿನದ ಪ್ಲೇಟ್‌ಲೆಟ್ 2,46,000. ರಕ್ತ ಸಾಮಾನ್ಯಕ್ಕಿಂತ ಒಂದು ಹನಿ ಜಾಸ್ತಿ ಹೋಗಲಿಲ್ಲ ಅಂತ ಮೇಡಂ ಹೊರಗೆ ಬಂದು ಹೇಳಿದಾಗ ಅವ್ವ ಅವರ ಕೈ ಹಿಡಿದುಕೊಂಡು ಸುಮಾರು ಹೊತ್ತು ಬಿಡಲಿಲ್ಲ.

ಜನವರಿಯ ಮೊದಲ ಸುತ್ತಿಗೆ ರಕ್ತ, ಕಿಟ್, ಮೂತ್ರ ಎಲ್ಲಾ ಸೇರಿ ನಮಗೆ 2,600 ರೂಪಾಯಿ ಆಯಿತು. ಈಗ ವರ್ಷಕ್ಕೊಮ್ಮೆ ಅಂತ ಇಟ್ಟುಕೊಂಡಿದ್ದೇವೆ, ಏಳು ದಾಟಿದ ಮೇಲೆ ಆರು ತಿಂಗಳಿಗೊಮ್ಮೆ. ನಮ್ಮ ಪಟ್ಟಿ ಹೀಗೆ: ತೂಕ, ರಕ್ತಕಣ, ಪ್ರೋಟೀನ್ ಕಿಡ್ನಿ ಲಿವರ್, ಮೂತ್ರ, ಹುಳು ಇದೆಯಾ ನೋಡೋಕೆ ಮಲ, ಬೇಸಿಗೆ ಮುಗಿದ ಮೇಲೆ ಉಣ್ಣಿ ಜ್ವರದ ಕಿಟ್ ಬೇಕಾ ಅಂತ ಡಾಕ್ಟರನ್ನು ಕೇಳುವುದು. ಎಲ್ಲಾ ವರದಿ ಒಂದೇ ಫೈಲಿನಲ್ಲಿ ಇದೆ. ಮುಂದಿನ ಸಲ ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಬಂದರೆ ಚಿನ್ನಿಯ ಲೆಕ್ಕದಲ್ಲಿ ಅದು ಇಳಿಕೆ ಅಂತ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ. ಜನವರಿಯಲ್ಲಿ ಹೋಲಿಸಿ ನೋಡೋಕೆ ನಮ್ಮ ಹತ್ತಿರ ಲಸಿಕೆ ಕಾರ್ಡಿನ ತೂಕ ಬಿಟ್ಟರೆ ಏನೂ ಇರಲಿಲ್ಲ.

ಹೋದ ವಾರ ಕಾಕಾ ತಮ್ಮ ಪೊಮೆರೇನಿಯನ್ ಕರೆದುಕೊಂಡು ಹೊರಟಿದ್ದರು. ಆರು ವರ್ಷದ್ದು, ಆರಾಮಿದೆ. ಲ್ಯಾಬಿನ ಚೀಟಿ ನನ್ನ ಕೈಗೆ ಕೊಟ್ಟು, "ಏನ್ ಬರಿಬೇಕೋ ತಮ್ಮಾ?" ಅಂದರು. ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ "ನಾಯಿ" ಅಂತ ಬರೆದು, ಕೆಳಗೆ ಆಲ್ಬುಮಿನ್ ಮತ್ತು ಒಟ್ಟು ಪ್ರೋಟೀನ್ ಎರಡನ್ನೂ ಗುರುತು ಹಾಕಿ ಕೊಟ್ಟೆ.